ನೆಲದಿಂದ ಏಳಲು ಕಷ್ಟವೇ? ಮೊದಲು ನಿಧಾನವಾಗಿ ಕೂರುವುದನ್ನು ಕಲಿಯಿರಿ

ಹೋದ ವರ್ಷ ಗೌರಿ ಹಬ್ಬದ ಬೆಳಗ್ಗೆ ಅಮ್ಮ ಮಣೆ ಹಾಕಿಕೊಂಡು ಪೂಜೆಗೆ ಕೂತಳು. ಪೂಜೆ ಮುಗಿಯಿತು, ಮಂಗಳಾರತಿಯೂ ಆಯಿತು, ಅಮ್ಮ ಮಾತ್ರ ಏಳಲಿಲ್ಲ. ಎಡಗೈ ನೆಲಕ್ಕೆ ಊರಿದಳು, ಬಲಗೈಯಿಂದ ದೇವರಮನೆಯ ಬಾಗಿಲ ಚೌಕಟ್ಟು ತಡಕಿದಳು. ಮೈ ನಾಲ್ಕು ಬೆರಳಿನಷ್ಟು ಮೇಲೆದ್ದು ಧೊಪ್ಪನೆ ಮತ್ತೆ ಮಣೆಗೇ ಬಿತ್ತು. "ಒಂಚೂರು ಕೈ ಕೊಡೇ" ಅಂದಳು. ಕಂಕುಳಿಗೆ ಕೈ ಹಾಕಿ ಎಬ್ಬಿಸಿದೆ. ಹದಿನೆಂಟು ವರ್ಷದಿಂದ ಫಿಸಿಯೋಥೆರಪಿ ಮಾಡುತ್ತಿರುವವಳು ನಾನು, ದಿನಕ್ಕೆ ಹತ್ತಾರು ಮಂಡಿ ನೋಡುತ್ತೇನೆ. ಅಮ್ಮ ನೆಲಕ್ಕೆ ಕೂರುವುದನ್ನು ಎಂದೋ ಬಿಟ್ಟುಬಿಟ್ಟಿದ್ದಾಳೆ ಎಂಬುದು ಅವತ್ತೇ ನನ್ನ ಗಮನಕ್ಕೆ ಬಂದದ್ದು. ತರಕಾರಿ ಹೆಚ್ಚುವುದು ಡೈನಿಂಗ್ ಟೇಬಲ್ಲಿನ ಮೇಲೆ, ಹೂ ಕಟ್ಟುವುದು ಸೋಫಾದ ಮೇಲೆ, ಟಿವಿ ನೋಡುವುದು ಕುರ್ಚಿಯಲ್ಲಿ. ನೆಲ ಅವಳಿಂದ ಸದ್ದಿಲ್ಲದೆ ದೂರವಾಗಿತ್ತು.

ಆಮೇಲೆ ಅವಳಿಗೆ ಹೇಳಿಕೊಟ್ಟದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಬರೀ ವ್ಯಾಯಾಮದ ಪಟ್ಟಿ ಕೊಟ್ಟರೆ ನಾಲ್ಕು ದಿನ ಮಾಡಿ ಬಿಡುತ್ತೇವೆ. ಯಾವ ಮೂಳೆ ಎಲ್ಲಿ ತಿರುಗುತ್ತದೆ, ಯಾವ ಸ್ನಾಯು ಯಾವಾಗ ಬಿಗಿಯಾಗುತ್ತದೆ ಎಂದು ತನ್ನ ಮೈಯನ್ನೇ ಮುಟ್ಟಿ ತಿಳಿದವರು ಮಾತ್ರ ಬಿಡದೆ ಮಾಡುವುದನ್ನು ನಾನು ಕಂಡಿದ್ದೇನೆ. ಆದ್ದರಿಂದ ಓದುತ್ತಾ ಓದುತ್ತಾ ಮುಟ್ಟಿ ನೋಡಿ. ಬೇಕಾಗುವುದು ಇಷ್ಟೇ: ಕೈಯಿಲ್ಲದ ಗಟ್ಟಿ ಕುರ್ಚಿ, ಅದಕ್ಕಿಂತ ಗಿಡ್ಡನೆಯ ಸ್ಟೂಲು, ಒಂದು ಮಣೆ, ಹತ್ತಿರದಲ್ಲಿ ಗೋಡೆ.

ಸೊಂಟದ ಕೀಲು ಅಥವಾ ಮಂಡಿ ಬದಲಾಯಿಸಿಕೊಂಡವರು, ಇತ್ತೀಚೆಗೆ ಮೂಳೆ ಮುರಿದುಕೊಂಡವರು, ಎದ್ದು ನಿಂತರೆ ತಲೆ ಸುತ್ತುವವರು ತಮ್ಮ ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು. ಸೊಂಟದ ಕೀಲು ಬದಲಾಯಿಸಿಕೊಂಡ ಕೆಲವರಿಗೆ ತಗ್ಗಿನ ಪೀಠ, ಕಾಲು ಮಡಚಿ ಕೂರುವುದು ಎರಡೂ ನಿಷಿದ್ಧ.

ಮೊದಲು ಕೈಯಲ್ಲಿ ಪಾಠ

ಕಾಲಿನ ವಿಷಯಕ್ಕೆ ಕೈ ಯಾಕೆ ಎನ್ನಬೇಡಿ. ಕೈಯಲ್ಲಿ ಎಲ್ಲವೂ ಚರ್ಮದ ಕೆಳಗೇ ಸಿಗುತ್ತದೆ.

ಮೇಜಿನ ಮುಂದೆ ಕೂತು ಬಲ ಅಂಗೈಯನ್ನು ಮೇಜಿನ ಅಡಿಗೆ ಹಿಡಿದು, ಮೇಜನ್ನು ಎತ್ತುವವರ ಹಾಗೆ ಮೇಲಕ್ಕೆ ಒತ್ತಿ. ಎಡಗೈಯಿಂದ ಬಲತೋಳನ್ನು ಮುಟ್ಟಿ ನೋಡಿ. ಮುಂದಿನ ಉಬ್ಬು ಕಲ್ಲಿನಂತಾಗಿದೆ, ಹಿಂದುಗಡೆ ಮೆತ್ತಗಿದೆ. ಈಗ ಅದೇ ಅಂಗೈಯನ್ನು ಮೇಜಿನ ಮೇಲಿಟ್ಟು ಕೆಳಕ್ಕೆ ಒತ್ತಿ. ಮುಂದಿನದು ಸಡಿಲವಾಯಿತು, ಹಿಂದಿನದು ಗಟ್ಟಿಯಾಯಿತು. ಮೇಜನ್ನು ನೀವು ತಳ್ಳಿದ್ದು ನಿಜ, ಆದರೆ ತೋಳಿನೊಳಗೆ ಯಾವ ಸ್ನಾಯುವೂ ತಳ್ಳಲಿಲ್ಲ. ತೋಳಿನ ಹಿಂದಿನ ಸ್ನಾಯು ಮೊಣಕೈಯ ಚೂಪು ಮೂಳೆಯನ್ನು ತನ್ನ ಕಡೆ ಎಳೆದುಕೊಂಡಿತು, ಮುಂಗೈ ಚಾಚಿಕೊಂಡಿತು, ಹೊರಗಿನವರಿಗೆ ಅದು ತಳ್ಳಿದಂತೆ ಕಂಡಿತು. ನಮ್ಮ ಮೈಯಲ್ಲಿ ಆರುನೂರಕ್ಕೂ ಹೆಚ್ಚು ಸ್ನಾಯುಗಳಿವೆ. ಎಲ್ಲಕ್ಕೂ ಬರುವ ವಿದ್ಯೆ ಒಂದೇ, ಎಳೆಯುವುದು.

ಎಳೆಯುವುದಷ್ಟೇ ಗೊತ್ತಿದ್ದರೆ ಮಡಚಿದ ಕೈಯನ್ನು ಬಿಡಿಸುವವರು ಯಾರು? ಅದಕ್ಕೇ ಕೀಲಿನ ಎರಡೂ ಕಡೆ ಸ್ನಾಯುಗಳಿವೆ. ಒಂದು ಎಳೆಯುವಾಗ ಎದುರಿನದು ಸಡಿಲ ಬಿಡಬೇಕು. ಸಡಿಲ ಬಿಡು ಎಂಬ ಆಜ್ಞೆಯೂ ಬೆನ್ನುಹುರಿಯಿಂದಲೇ ಹೊರಡುತ್ತದೆ. ಇದನ್ನು ವರ್ಷಗಟ್ಟಲೆ ಬೆನ್ನುಹತ್ತಿ ವಿವರಿಸಿದವರು ಇಂಗ್ಲೆಂಡಿನ ಚಾರ್ಲ್ಸ್ ಶೆರಿಂಗ್ಟನ್. ನರಕೋಶಗಳ ಕೆಲಸದ ಬಗೆಗಿನ ಸಂಶೋಧನೆಗಾಗಿ ಎಡ್ಗರ್ ಏಡ್ರಿಯನ್ ಜೊತೆ 1932ರಲ್ಲಿ ನೊಬೆಲ್ ಪಡೆದರು. ಸಡಿಲ ಬಿಡುವುದೂ ಒಂದು ಕೆಲಸ ಎಂಬುದನ್ನು ನೆನಪಿಟ್ಟುಕೊಳ್ಳಿ. ಮುಂದೆ ಇದೇ ಮುಖ್ಯವಾಗುತ್ತದೆ.

ಈಗ ಮುಷ್ಟಿ ಬಿಗಿಹಿಡಿದು, ಇನ್ನೊಂದು ಕೈಯಿಂದ ಮೊಣಕೈಯ ಕೆಳಗಿನ ದಪ್ಪ ಭಾಗವನ್ನು ಹಿಡಿಯಿರಿ. ಬೆರಳು ಮಡಚಿದ್ದು ಅಲ್ಲಿ, ಉಬ್ಬಿದ್ದು ಇಲ್ಲಿ. ಬೆರಳಿನೊಳಗೆ ಅದನ್ನು ಆಡಿಸುವ ಸ್ನಾಯು ಒಂದೂ ಇಲ್ಲ. ಸಣ್ಣವು ಅಂಗೈಯಲ್ಲಿವೆ, ಬಲವಾದವು ಮುಂಗೈಯಲ್ಲಿವೆ. ಅಲ್ಲಿಂದ ಹೊರಟ ಉದ್ದನೆಯ ದಾರಗಳು ಬೆರಳಿನ ಮೂಳೆಗೆ ಕಟ್ಟಿಕೊಂಡಿವೆ. ಸೂತ್ರದ ಗೊಂಬೆಯನ್ನು ಮೇಲಿನಿಂದ ಆಡಿಸಿದ ಹಾಗೆ. ಬೆರಳುಗಳನ್ನು ಹಿಂದಕ್ಕೆ ಬಾಗಿಸಿದರೆ ಕೈಯ ಮೇಲ್ಭಾಗದಲ್ಲಿ ಆ ದಾರಗಳು ಏಳುತ್ತವೆ. "ಮೇಡಂ, ನರ ಎಳೀತಾ ಇದೆ" ಎಂದು ನನ್ನ ಬಳಿ ಬರುವವರಲ್ಲಿ ಬಹಳ ಜನ ತೋರಿಸುವುದು ಇಂಥ ದಾರಗಳನ್ನೇ. ಇವು ನರಗಳಲ್ಲ, ಸ್ನಾಯುರಜ್ಜುಗಳು. ನಿಜವಾದ ನರ ಹೇಗಿರುತ್ತದೆ ಎಂದು ತಿಳಿಯಬೇಕಾದರೆ ಮೊಣಕೈಯ ಒಳಬದಿ ಬಾಗಿಲಿಗೆ ತಗುಲಿದ ಗಳಿಗೆ ನೆನೆಸಿಕೊಳ್ಳಿ. ಕಿರುಬೆರಳಿನವರೆಗೂ ಕರೆಂಟ್ ಹೊಡೆದ ಹಾಗಾಗುತ್ತದಲ್ಲ, ಅದು.

ಕೈಯಲ್ಲಿ ಇನ್ನೊಂದು ಪಾಠ ಬಾಕಿ ಇದೆ. ಮೊಣಕೈ ಮಡಚಿ 5 ಕೆಜಿ ಅಕ್ಕಿ ಚೀಲ ಹಿಡಿದಿದ್ದೀರಿ ಎಂದುಕೊಳ್ಳಿ. ಚೀಲ ಇರುವುದು ಮೊಣಕೈಯಿಂದ ಸುಮಾರು 35 ಸೆಂ.ಮೀ. ದೂರದಲ್ಲಿ. ತೋಳಿನ ಸ್ನಾಯು ಮುಂಗೈ ಮೂಳೆಗೆ ಕಟ್ಟಿಕೊಂಡಿರುವುದು ಮೊಣಕೈಯಿಂದ ಬರೀ 4–5 ಸೆಂ.ಮೀ. ದೂರದಲ್ಲಿ. ತಿರುಗಣಿಯ ಹತ್ತಿರ ಕೈಯಿಟ್ಟು ಬಾಗಿಲು ತಳ್ಳಿದ ಹಾಗೆ. 5 ಕೆಜಿ ಹಿಡಿಯಲು ಆ ಸ್ನಾಯು 35 ಕೆಜಿಗೂ ಮಿಕ್ಕಿದ ಬಲದಿಂದ ಎಳೆಯಬೇಕು. ಇದು ದೇಹದ ತಪ್ಪು ಲೆಕ್ಕವೇನೂ ಅಲ್ಲ. ಸ್ನಾಯು ಒಂದು ಬೆರಳಷ್ಟು ಕುಗ್ಗಿದರೆ ಅಂಗೈ ಒಂದು ಗೇಣು ಮೇಲೇರುತ್ತದೆ. ಬಲ ಖರ್ಚು ಮಾಡಿ ವೇಗವನ್ನೂ ದೂರವನ್ನೂ ಕೊಂಡುಕೊಂಡಿದ್ದೇವೆ. ಆದರೆ ಅಷ್ಟೂ ಎಳೆತ ಕೀಲನ್ನು ಅದುಮುತ್ತದೆ. ಮಂಡಿಯ ಮೇಲೆ ನಮ್ಮ ತೂಕಕ್ಕಿಂತ ಹೆಚ್ಚು ಭಾರ ಬೀಳುವುದು ಯಾಕೆ ಎನ್ನುವುದಕ್ಕೆ ಉತ್ತರ ಇಲ್ಲೇ ಇದೆ.

ಈಗ ಕಾಲಿನ ಮೇಲೆ ಕೈಯಾಡಿಸಿ

ಕುರ್ಚಿಯ ಅಂಚಿಗೆ ಬಂದು ಒಂದು ಕಾಲನ್ನು ಮುಂದೆ ಚಾಚಿ, ಹಿಮ್ಮಡಿ ನೆಲದ ಮೇಲಿಟ್ಟು ತೊಡೆಯನ್ನು ಪೂರ್ತಿ ಸಡಿಲ ಬಿಡಿ. ಮಂಡಿಚಿಪ್ಪನ್ನು ಎರಡು ಬೆರಳಿನ ನಡುವೆ ಹಿಡಿದು ಅತ್ತಿತ್ತ ಸರಿಸಿ. ಸರಿಯುತ್ತದೆ! ಅಮ್ಮ ಇದನ್ನು ಮೊದಲ ಸಲ ಮಾಡಿದಾಗ "ಇದೇನೇ, ಸಡಿಲವಾಗಿಬಿಟ್ಟಿದೆಯಲ್ಲ" ಎಂದು ಗಾಬರಿಯಾದಳು. ಅದು ಹಾಗೇ ಇರಬೇಕು. ಈಗ ಮಂಡಿಯನ್ನು ಬಿಗಿ ಮಾಡಿ. ತೊಡೆಯ ಮುಂಭಾಗ ಗಟ್ಟಿಯಾಗಿ, ಚಿಪ್ಪು ಮೇಲಕ್ಕೆ ಎಳೆದುಕೊಂಡು ಅಲ್ಲಾಡದೆ ನಿಲ್ಲುತ್ತದೆ.

ತೊಡೆಯ ಮುಂಭಾಗದಲ್ಲಿರುವುದು ನಾಲ್ಕು ಸ್ನಾಯುಗಳ ಗುಂಪು. ನಾಲ್ಕೂ ಸೇರಿ ಒಂದೇ ರಜ್ಜುವಾಗಿ, ಚಿಪ್ಪನ್ನು ಹಿಡಿದುಕೊಂಡು, ಮಂಡಿಯ ಕೆಳಗೆ ಮೊಳಕಾಲ ಮೂಳೆಯ ಉಬ್ಬಿಗೆ ಅಂಟಿಕೊಳ್ಳುತ್ತವೆ. ಚಿಪ್ಪಿನ ಕೆಳಗೆ ಮೂರು ನಾಲ್ಕು ಬೆರಳು ಜಾರಿಸಿದರೆ ಆ ಉಬ್ಬು ಸಿಗುತ್ತದೆ. ಚಿಪ್ಪಿನ ಕೆಲಸ ರಜ್ಜುವನ್ನು ಕೀಲಿನ ನಡುಬಿಂದುವಿನಿಂದ ಸ್ವಲ್ಪ ಮುಂದಕ್ಕೆ ಎತ್ತಿ ಹಿಡಿಯುವುದು. ಬಾಗಿಲ ಹಿಡಿ ತಿರುಗಣಿಯಿಂದ ದೂರ ಇದ್ದಷ್ಟೂ ಬಾಗಿಲು ಹಗುರ. ಅಂಗೈಯಲ್ಲಿ ಅಡಗುವ ಈ ಸಣ್ಣ ಮೂಳೆ ಇಲ್ಲದಿದ್ದರೆ ಅದೇ ಸ್ನಾಯು ಇನ್ನೂ ಹೆಚ್ಚು ಬಲ ಹಾಕಬೇಕಾಗುತ್ತಿತ್ತು.

ಮಂಡಿಯನ್ನು ಮಡಚಿ, ಹಿಮ್ಮಡಿಯನ್ನು ನೆಲಕ್ಕೆ ಒತ್ತಿ ಹಿಂದಕ್ಕೆ ಎಳೆಯಲು ನೋಡಿ. ಮಂಡಿಯ ಹಿಂದೆ ಎರಡು ಬದಿಯಲ್ಲೂ ಹಗ್ಗದಂಥವು ಬಿಗಿಯಾಗುತ್ತವೆ. ತೊಡೆಯ ಹಿಂಭಾಗದ ಸ್ನಾಯುಗಳ ರಜ್ಜುಗಳಿವು; ಶುರುವಾಗುವುದು ನೀವು ಕೂತಿರುವ ಮೂಳೆಯಿಂದ. ಒಂದು ಅಂಗೈಯನ್ನು ಕುಂಡೆಯ ಕೆಳಗಿಟ್ಟು ಕೂತರೆ ಆ ಮೂಳೆ ಅಂಗೈಗೆ ಚುಚ್ಚುತ್ತದೆ.

ಸೊಂಟದ ಕೀಲು ತೋರಿಸಿ ಎಂದರೆ ಹತ್ತರಲ್ಲಿ ಒಂಬತ್ತು ಜನ ಸೀರೆ ಸಿಕ್ಕಿಸುವ ಜಾಗಕ್ಕೆ, ಬೆಲ್ಟ್ ಕಟ್ಟುವ ಜಾಗಕ್ಕೆ ಕೈ ಇಡುತ್ತಾರೆ. ಕೀಲು ಅಲ್ಲಿಲ್ಲ. ಕೂತಲ್ಲೇ ಒಂದು ತೊಡೆಯನ್ನು ಎತ್ತಿ; ತೊಡೆಸಂದಿನಲ್ಲಿ ಬಟ್ಟೆ ಮಡಿಕೆ ಬೀಳುತ್ತದಲ್ಲ, ಅದರ ಆಳದಲ್ಲಿದೆ. ತೊಡೆಮೂಳೆ ಮೈಯ ಮೂಳೆಗಳಲ್ಲೆಲ್ಲ ಉದ್ದನೆಯದು, ಅದರ ತಲೆ ಚೆಂಡಿನ ಹಾಗೆ ದುಂಡಗಿದ್ದು ಬಟ್ಟಲಿನಂಥ ಗುಳಿಯಲ್ಲಿ ಕೂತಿರುತ್ತದೆ. ಬಗ್ಗಿ ಎಂದಾಗ ಈ ಮಡಿಕೆಯಿಂದ ಬಗ್ಗಬೇಕು. ಬೆನ್ನನ್ನು ಬಿಲ್ಲಿನಂತೆ ಬಾಗಿಸುವವರಿಗೆ ಏಳುವುದು ಕಷ್ಟ, ಬೆನ್ನುನೋವೂ ಜೊತೆಗೆ. ನನ್ನ ಅನುಭವದಲ್ಲಿ ಜನ ತಪ್ಪುವುದು ಹೆಚ್ಚಾಗಿ ಇಲ್ಲೇ, ಆದ್ದರಿಂದ ಮಡಿಕೆಗೆ ಬೆರಳಿಟ್ಟು ನಾಲ್ಕಾರು ಸಲ ಮುಂದಕ್ಕೆ ಬಾಗಿ ರೂಢಿ ಮಾಡಿಕೊಳ್ಳಿ.

ಕೀಲೆಣ್ಣೆ

ಎರಡು ಮೂಳೆ ಸೇರುವ ತುದಿಗಳಿಗೆ ನುಣುಪಾದ ಮೃದ್ವಸ್ಥಿಯ ಹೊದಿಕೆ, ನಡುವೆ ಮೊಟ್ಟೆಯ ಬಿಳಿಯಂಥ ಲೋಳೆ ದ್ರವ. ಗಾಡಿಗೆ ಹಾಕುವ ಕೀಲೆಣ್ಣೆಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಮೃದ್ವಸ್ಥಿಯೊಳಗೆ ರಕ್ತನಾಳಗಳಿಲ್ಲ, ಹಾಗಾಗಿ ಅದಕ್ಕೆ ಊಟವೂ ಮುಖ್ಯವಾಗಿ ಈ ದ್ರವದಿಂದಲೇ. ಕಾಲಿನ ಮೇಲೆ ಭಾರ ಬಿದ್ದಾಗ ಸ್ಪಂಜು ಹಿಂಡಿದಂತೆ ಹಳೆಯ ದ್ರವ ಹೊರಗೆ, ಭಾರ ತೆಗೆದಾಗ ಹೊಸದು ಒಳಗೆ. ಅಲ್ಲಾಡಿಸದ ಕೀಲು ಉಪವಾಸ ಬೀಳುತ್ತದೆ. "ನೋವು ಅಂತ ಕಾಲು ಅಲ್ಲಾಡಿಸೋದೇ ಇಲ್ಲ" ಎನ್ನುವ ಹಿರಿಯರಿಗೆ ನಾನು ಕೈ ಹಿಡಿದು ಹೇಳುವುದು ಇದನ್ನೇ.

ಬೆಳಗ್ಗೆ ಎದ್ದ ತಕ್ಷಣ ಮಂಡಿ ಬಿಗಿದಿರುತ್ತದೆ. ಮಂಚದ ಅಂಚಿನಲ್ಲಿ ಕೂತು ಕಾಲು ಇಳಿಬಿಟ್ಟು, ಮಕ್ಕಳು ಕಟ್ಟೆಯ ಮೇಲೆ ಕೂತು ಕಾಲಾಡಿಸುವ ಹಾಗೆ ಒಂದೊಂದು ಕಾಲನ್ನು 20 ಸಲ ಮುಂದಕ್ಕೂ ಹಿಂದಕ್ಕೂ ತೂಗಿ. ಪಾದವನ್ನು ಹತ್ತು ಸಲ ಮೇಲೆ ಕೆಳಗೆ ಮಾಡಿ. ಇದು ನಮ್ಮ ಮೊದಲ ಹೆಜ್ಜೆ, ಪ್ರತಿದಿನ.

ಏಳುವಾಗ ಮಂಡಿ ಲಟಕ್ ಎಂದರೆ? ನೋವು, ಊತ ಇಲ್ಲದಿದ್ದರೆ ಸದ್ದಿಗೆ ಹೆದರಬೇಕಿಲ್ಲ. ಬೆರಳ ನೆಟಿಗೆ ಮುರಿದರೆ ಸಂಧಿವಾತ ಬರುತ್ತದೆ ಎಂದು ಹೇಳುವವರಿಗಾಗಿ ಒಂದು ಮಾತು: ಅಮೆರಿಕದ ಡೊನಾಲ್ಡ್ ಅಂಗರ್ ಎಂಬ ವೈದ್ಯರು ಅರವತ್ತು ವರ್ಷ ಎಡಗೈಯ ಬೆರಳುಗಳ ನೆಟಿಗೆಯನ್ನಷ್ಟೇ ಮುರಿದು, ಬಲಗೈಯನ್ನು ಹಾಗೇ ಬಿಟ್ಟು, ಕೊನೆಗೆ ಎರಡನ್ನೂ ಹೋಲಿಸಿ ನೋಡಿದರು. ಯಾವ ಕೈಗೂ ಸಂಧಿವಾತ ಬಂದಿರಲಿಲ್ಲ.

ಕುರ್ಚಿಯಿಂದ ಏಳುವುದು

ಮನೆಯಲ್ಲಿ ಇನ್ನೊಬ್ಬರಿದ್ದರೆ ಒಂದು ಪರೀಕ್ಷೆ ಮಾಡಿ. ನೀವು ಕುರ್ಚಿಗೆ ಒರಗಿ ಕೂತಿರಿ. ಅವರು ಒಂದೇ ಬೆರಳನ್ನು ನಿಮ್ಮ ಹಣೆಗೆ ಒತ್ತಿ ಹಿಡಿಯಲಿ. ಈಗ ಏಳಿ. ಆಗುವುದಿಲ್ಲ. ಅವರ ಬೆರಳಿನಲ್ಲಿ ಅಂಥ ಬಲವೇನೂ ಇಲ್ಲ. ತಲೆ ಮುಂದೆ ಬಾರದೆ ಮೈಯ ತೂಕ ಪಾದದ ಮೇಲಕ್ಕೆ ಬರುವುದಿಲ್ಲ, ತೂಕ ಪಾದದ ಮೇಲೆ ಬಾರದೆ ಯಾವ ಸ್ನಾಯುವೂ ನಿಮ್ಮನ್ನು ಎಬ್ಬಿಸಲಾರದು. ಅಮ್ಮ ಮಣೆಯಿಂದ ಏಳಲಾಗದೆ ಹಿಂದಕ್ಕೆ ಬಿದ್ದದ್ದಕ್ಕೆ ಅರ್ಧ ಕಾರಣ ಇದು. ಚೌಕಟ್ಟು ಹಿಡಿಯಲು ಹೋಗಿ ಹಿಂದಕ್ಕೆ ವಾಲಿದ್ದಳು.

ಹಾಗಾಗಿ ಹೀಗೆ ಮಾಡಿ. ಕುರ್ಚಿಯನ್ನು ಗೋಡೆಗೆ ಒತ್ತಿಡಿ, ಜಾರಬಾರದು. ಅಂಚಿಗೆ ಸರಿದು ಕೂರಿ. ಪಾದಗಳನ್ನು ಮಂಡಿಗಿಂತ ಸ್ವಲ್ಪ ಹಿಂದಕ್ಕೆ ಎಳೆದುಕೊಳ್ಳಿ, ನಡುವೆ ಒಂದು ಗೇಣು ಜಾಗವಿರಲಿ, ಹಿಮ್ಮಡಿ ನೆಲ ಬಿಡದಿರಲಿ. ತೊಡೆಸಂದಿನ ಮಡಿಕೆಯಿಂದ ಮುಂದಕ್ಕೆ ಬಾಗಿ, ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು. ಆಗ ಪಾದಗಳಿಂದ ನೆಲವನ್ನು ಒತ್ತಿ. ಮಂಡಿಗಳು ಒಳಕ್ಕೆ ವಾಲದೆ ಪಾದದ ನೇರಕ್ಕೇ ಇರಲಿ. ನೇರ ನಿಂತ ಮೇಲೆ ಕುಂಡೆಯನ್ನು ಒಮ್ಮೆ ಬಿಗಿ ಮಾಡಿ. ಮೈಯ ಅತಿ ದೊಡ್ಡ ಸ್ನಾಯು ಅಲ್ಲಿದೆ. ಎದ್ದು ನಿಲ್ಲಲು, ಮೆಟ್ಟಿಲು ಹತ್ತಲು ಸೊಂಟವನ್ನು ನೆಟ್ಟಗೆ ಮಾಡುವುದು ಅದೇ. ದಿನವಿಡೀ ಅದರ ಮೇಲೆ ಕೂತು ಅದನ್ನು ಮರೆತಿರುತ್ತೇವೆ.

ಇನ್ನೊಮ್ಮೆ ಏಳುವಾಗ ಒಂದು ಕೈಯನ್ನು ತೊಡೆಯ ಮುಂದೆ, ಇನ್ನೊಂದನ್ನು ತೊಡೆಯ ಹಿಂದೆ ಇಟ್ಟು ನೋಡಿ. ಎರಡೂ ಒಟ್ಟಿಗೆ ಗಟ್ಟಿಯಾಗುತ್ತವೆ. ಒಂದು ಎಳೆದರೆ ಎದುರಿನದು ಬಿಟ್ಟುಕೊಡುತ್ತದೆ ಎಂದು ಈಗಷ್ಟೇ ಹೇಳಿದ್ದೆನಲ್ಲ? ತೊಡೆಯ ಮುಂದಿನದು ಮಂಡಿಯನ್ನು ಬಿಡಿಸುವುದು, ಹಿಂದಿನದು ಮಡಚುವುದು. ಎರಡೂ ಒಟ್ಟಿಗೆ ಎಳೆದರೆ ಕಾಲು ನಿಂತಲ್ಲೇ ನಿಲ್ಲಬೇಕಿತ್ತು. ಅಮೆರಿಕದ ವಾರನ್ ಲೊಂಬಾರ್ಡ್ 1903ರಲ್ಲಿ ಈ ಒಗಟಿನ ಬಗ್ಗೆ ಬರೆದರು, ಇವತ್ತಿಗೂ ಅವರ ಹೆಸರಲ್ಲೇ ಅದನ್ನು ಕರೆಯುತ್ತಾರೆ. ಉತ್ತರ ಇರುವುದು ಆ ಬಾಗಿಲ ಹಿಡಿಯ ಲೆಕ್ಕದಲ್ಲೇ, ಕೀಲಿನಿಂದ ಎಷ್ಟು ದೂರ ಎಂಬುದರಲ್ಲಿ. ಹಿಂದಿನ ಸ್ನಾಯು ಸೊಂಟವನ್ನೂ ಮಂಡಿಯನ್ನೂ ದಾಟುತ್ತದೆ. ಸೊಂಟದ ಹತ್ತಿರ ಅದರ ಹಿಡಿತ ಮೇಲು. ಮಂಡಿಯ ಹತ್ತಿರ ಚಿಪ್ಪಿನ ದೆಸೆಯಿಂದ ಮುಂದಿನ ಸ್ನಾಯುವಿನದೇ ಮೇಲುಗೈ. ಹಾಗಾಗಿ ಸೊಂಟ ಹಿಂದಿನದರ ಮಾತು ಕೇಳುತ್ತದೆ, ಮಂಡಿ ಮುಂದಿನದರ ಮಾತು ಕೇಳುತ್ತದೆ, ಎರಡೂ ಕೀಲು ಒಟ್ಟಿಗೆ ನೆಟ್ಟಗಾಗುತ್ತವೆ. ಮಂಡಿನೋವಿಗೆ ಬರೀ ತೊಡೆಯ ಮುಂಭಾಗವನ್ನು ಗಟ್ಟಿ ಮಾಡಿದರೆ ಸಾಲದು ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಕೂರುವುದು: ನಿಜವಾದ ಕೆಲಸ ಇಲ್ಲಿದೆ

ಎದ್ದಿರಿ. ಈಗ ಹೇಗೆ ಕೂರುತ್ತೀರಿ ಗಮನಿಸಿ. ಅರ್ಧದವರೆಗೆ ಬಂದು, ಅಲ್ಲಿಂದ ಮೈಯನ್ನು ಕೈಬಿಟ್ಟು, ಕುರ್ಚಿಗೆ ಬೀಳುತ್ತೀರಾ? ನಲವತ್ತು ದಾಟಿದ ಬಹಳ ಜನ ಕೂರುವುದಿಲ್ಲ, ಬೀಳುತ್ತಾರೆ.

ಕೂರುವಾಗ ಮಂಡಿ ಮಡಚುತ್ತದೆ. ಹಾಗಾದರೆ ಮಂಡಿ ಮಡಚುವ ಹಿಂದಿನ ಸ್ನಾಯು ಕೆಲಸ ಮಾಡುತ್ತಿರಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. ತೊಡೆಯ ಮುಂಭಾಗಕ್ಕೆ ಅಂಗೈಯಿಟ್ಟು ಐದು ಎಣಿಸುತ್ತಾ ಕೂರಿ. ಕಲ್ಲಿನಂತೆ ಗಟ್ಟಿಯಾಗಿರುವುದು ಅದೇ, ಏಳುವಾಗ ಎಬ್ಬಿಸಿದ ಸ್ನಾಯುವೇ. ಮಡಚುವ ಕೆಲಸವನ್ನು ಭೂಮಿಯೇ ಮಾಡುತ್ತದೆ. ಸ್ನಾಯು ಎಳೆಯುತ್ತಲೇ, ಸ್ವಲ್ಪ ಸ್ವಲ್ಪವೇ ಸೋಲುತ್ತಾ, ಉದ್ದವಾಗುತ್ತಾ ಮೈಯನ್ನು ಇಳಿಸುತ್ತದೆ. ಬಾವಿಗೆ ಕೊಡವನ್ನು ಇಳಿಬಿಡುವಾಗ ಹಗ್ಗವನ್ನು ಒಮ್ಮೆಗೇ ಬಿಡದೆ ಕೈಯಲ್ಲಿ ಬಿಗಿಹಿಡಿದೇ ಜಾರಿಸುತ್ತೇವಲ್ಲ, ಹಾಗೆ.

ಹೀಗೆ ಉದ್ದವಾಗುತ್ತಾ ಎಳೆಯುವಾಗ ಸ್ನಾಯು ಕುಗ್ಗುತ್ತಾ ಎಳೆಯುವುದಕ್ಕಿಂತ ಹೆಚ್ಚು ಭಾರ ತಡೆಯುತ್ತದೆ, ಉಸಿರನ್ನು ಕಡಿಮೆ ಬೇಡುತ್ತದೆ. ಮೈಸೂರಿನವರಿಗೆ ಇದು ಚಾಮುಂಡಿ ಬೆಟ್ಟದಲ್ಲಿ ಗೊತ್ತಾಗುತ್ತದೆ. ಸಾವಿರ ಮೆಟ್ಟಿಲು ಹತ್ತುವಾಗ ಏದುಸಿರು. ಇಳಿಯುವಾಗ ಉಸಿರು ತಣ್ಣಗಿರುತ್ತದೆ, ಆದರೆ ನಂದಿ ದಾಟುವಷ್ಟರಲ್ಲಿ ತೊಡೆ ನಡುಗಲು ಶುರು. ಮಾರನೆಯ ದಿನ, ಅದರ ಮಾರನೆಯ ದಿನ ತೊಡೆ ಮುಟ್ಟಲಾಗದಷ್ಟು ನೋಯುವುದು ಇಳಿದದ್ದಕ್ಕೆ, ಹತ್ತಿದ್ದಕ್ಕಲ್ಲ. ಸ್ನಾಯುವನ್ನು ಕಟ್ಟುವುದೂ ಈ ಇಳಿತವೇ. ಅದಕ್ಕೇ ಏಳಲಾಗದವರಿಗೆ ನಾನು ಕೂರುವುದನ್ನು ಕಲಿಸುತ್ತೇನೆ. ಏಳುವಷ್ಟು ಬಲ ಇಲ್ಲದ ಕಾಲಿಗೂ ನಿಧಾನವಾಗಿ ಇಳಿಸುವಷ್ಟು ಬಲ ಸಾಮಾನ್ಯವಾಗಿ ಇರುತ್ತದೆ. ಅಲ್ಲಿಂದ ಶುರು ಮಾಡಬಹುದು.

ಸ್ನಾಯುವಿನ ಒಳಗೇನಾಗುತ್ತದೆ ಎಂಬ ಕುತೂಹಲವಿದ್ದರೆ ಇಷ್ಟು ತಿಳಿದಿರಲಿ. ಆಕ್ಟಿನ್, ಮಯೋಸಿನ್ ಎಂಬ ಎರಡು ಬಗೆಯ ಎಳೆಗಳು ಒಂದರ ಸಂದಿಯಲ್ಲೊಂದು ಜಾರುತ್ತವೆ. 1954ರಲ್ಲಿ ಎರಡು ಬೇರೆ ಬೇರೆ ತಂಡಗಳು ಇದನ್ನು ಒಂದೇ ಹೊತ್ತಿಗೆ ಪ್ರಕಟಿಸಿದವು. ಎರಡರಲ್ಲೂ ಹಕ್ಸ್‌ಲಿ ಎಂಬ ಹೆಸರಿನವರಿದ್ದರು, ಸಂಬಂಧಿಗಳಲ್ಲ. ಮಯೋಸಿನ್ ತಲೆಗಳು ಆಕ್ಟಿನ್ ಎಳೆಯನ್ನು ಹಿಡಿದು, ಎಳೆದು, ಬಿಟ್ಟು, ಮತ್ತೆ ಮುಂದೆ ಹಿಡಿಯುತ್ತವೆ. ಹಿಡಿತ ಬಿಡಿಸಲು ಜೀವಕೋಶದ ಇಂಧನವಾದ ಎಟಿಪಿ ಬೇಕು. ಸತ್ತ ಮೇಲೆ ಇಂಧನ ತೀರಿ, ಹಿಡಿದದ್ದನ್ನು ಬಿಡಲಾಗದೆ ದೇಹ ಸೆಟೆದುಕೊಳ್ಳುತ್ತದೆ. ಬಿಡುವುದಕ್ಕೂ ಜೀವ ಬೇಕು.

ಇನ್ನು ಲೆಕ್ಕ. ಎರಡು ಎಣಿಸುವಷ್ಟರಲ್ಲಿ ಏಳಿ, ಐದು ಎಣಿಸುತ್ತಾ ಕೂರಿ. ಕುರ್ಚಿ ಮುಟ್ಟುವ ಕೊನೆಯ ನಾಲ್ಕು ಬೆರಳಿನಷ್ಟು ದೂರದಲ್ಲೇ ಎಲ್ಲರೂ ಕೈಬಿಡುವುದು. ಅಲ್ಲಿ ಇನ್ನೂ ನಿಧಾನ ಮಾಡಿ, ಕುರ್ಚಿಯ ಮೇಲೆ ಹಪ್ಪಳವಿದೆ, ಪುಡಿಯಾಗಬಾರದು ಎನ್ನುವ ಹಾಗೆ. ಏಳಲು ಕೈ ಬೇಕಾದರೆ ಊರಿಕೊಳ್ಳಿ, ಕೂರುವಾಗ ಮಾತ್ರ ಕೈ ಬೇಡ. ಉಸಿರು ಕಟ್ಟಬೇಡಿ, ಎಣಿಕೆಯನ್ನು ಬಾಯಿಬಿಟ್ಟು ಎಣಿಸಿದರೆ ಉಸಿರು ತಾನಾಗಿ ಆಡುತ್ತದೆ. ಐದು ಸಲ ಮಾಡಿ, ಎರಡು ನಿಮಿಷ ಬಿಟ್ಟು ಇನ್ನೈದು. ದಿನ ಬಿಟ್ಟು ದಿನ ಸಾಕು. ನಡುವಿನ ದಿನ ಸ್ನಾಯು ಕಟ್ಟಿಕೊಳ್ಳುವ ದಿನ.

ಮಂಡಿ ಸವೆದುಹೋದೀತು ಎಂಬ ಹೆದರಿಕೆ ಬೇಡ. ಬರ್ಲಿನ್ನಿನ ಸಂಶೋಧಕರು ಕೃತಕ ಮಂಡಿಗಳೊಳಗೆ ಅಳೆಯುವ ಸಾಧನವಿಟ್ಟು, ಬದುಕಿರುವ ಜನರ ಮಂಡಿಯೊಳಗಿನ ಒತ್ತಡವನ್ನೇ ಅಳೆದಿದ್ದಾರೆ. ಕುರ್ಚಿಯಿಂದ ಏಳುವಾಗ, ಸಮತಟ್ಟಿನಲ್ಲಿ ನಡೆಯುವಾಗ ಬೀಳುವ ಒತ್ತಡ ಮೈತೂಕದ ಸುಮಾರು ಎರಡೂವರೆ ಪಟ್ಟು; ಮೆಟ್ಟಿಲು ಇಳಿಯುವಾಗ ಸುಮಾರು ಮೂರೂವರೆ ಪಟ್ಟು. ತಾರಸಿಗೆ ಬಟ್ಟೆ ಒಣಹಾಕಿ ಇಳಿದು ಬರುವ ಮಂಡಿ ಕುರ್ಚಿಯ ಅಭ್ಯಾಸಕ್ಕೆ ಅಂಜಬೇಕಿಲ್ಲ.

ಸ್ಟೂಲು, ಮಣೆ, ನೆಲ

ಕುರ್ಚಿಯಲ್ಲಿ ಹತ್ತು ಸಲ ಕೈಯಿಲ್ಲದೆ, ಸದ್ದಿಲ್ಲದೆ ಕೂತು ಎದ್ದರೆ ಸ್ಟೂಲಿಗೆ ಇಳಿಯಿರಿ. ಅಮ್ಮನಿಗೆ ಇದಕ್ಕೆ ಐದು ವಾರ ಹಿಡಿಯಿತು. ಸ್ಟೂಲು ತೀರ ಗಿಡ್ಡವೆನಿಸಿದರೆ ಅದರ ಮೇಲೆ ಮಡಚಿದ ಕಂಬಳಿ ಇಟ್ಟು, ವಾರಕ್ಕೊಂದು ಮಡಿಕೆ ಕಡಿಮೆ ಮಾಡುತ್ತಾ ಬನ್ನಿ. ಮೊದಮೊದಲು ಗೋಡೆಯ ಹತ್ತಿರವೇ ಮಾಡಿ.

ಇದೇ ದಿನಗಳಲ್ಲಿ ಪಾದದ ಹರಡಿನ ಕೀಲನ್ನೂ ನೋಡಿಕೊಳ್ಳಬೇಕು. ತಗ್ಗಾಗಿ ಕೂರುವಾಗ ಹಿಮ್ಮಡಿ ಮೇಲೇಳುತ್ತದೆಯೇ? ಮೀನಖಂಡ ಬಿಗಿದಿದೆ ಎಂದರ್ಥ. ಗೋಡೆಗೆ ಎರಡೂ ಕೈ ಊರಿ, ಒಂದು ಕಾಲು ಹಿಂದಿಟ್ಟು, ಹಿಮ್ಮಡಿ ನೆಲಕ್ಕೊತ್ತಿ ಅರ್ಧ ನಿಮಿಷ ನಿಲ್ಲಿ. ಆಮೇಲೆ ಇನ್ನೊಂದು ಕಾಲು.

ಇನ್ನು ನೆಲ. ಚಕ್ಕಳಮಕ್ಕಳ ಹಾಕಿ ಕೂರುವುದಕ್ಕೆ ಸೊಂಟದ ಬಟ್ಟಲಿನಲ್ಲಿ ತೊಡೆಮೂಳೆಯ ಚೆಂಡು ಹೊರಕ್ಕೆ ತಿರುಗಬೇಕು. ಹೊಕ್ಕುಳ ಬದಿಯ ಸೊಂಟದ ಮೂಳೆಯಿಂದ ಹೊರಟು, ತೊಡೆಯನ್ನು ಓರೆಯಾಗಿ ದಾಟಿ ಮಂಡಿಯ ಒಳಬದಿಗೆ ಇಳಿಯುವ ಪಟ್ಟಿಯಂಥ ಸ್ನಾಯುವೊಂದು ಇದಕ್ಕೆ ನೆರವಾಗುತ್ತದೆ. ಮೈಯಲ್ಲೇ ಅತಿ ಉದ್ದನೆಯ ಸ್ನಾಯು ಅದು. ಹಿಂದೆ ಯುರೋಪಿನ ದರ್ಜಿಗಳು ಹೀಗೆ ಕಾಲು ಮಡಚಿ ಕೂತು ಹೊಲಿಯುತ್ತಿದ್ದರು, ಅದರಿಂದ ವೈದ್ಯರು ಅದನ್ನು ಲ್ಯಾಟಿನ್ನಿನಲ್ಲಿ ದರ್ಜಿಯ ಸ್ನಾಯು ಎಂದೇ ಕರೆದರು. ಮೊದಲ ದಿನಗಳಲ್ಲಿ ಮಂಡಿಗಳು ಗಾಳಿಯಲ್ಲೇ ನಿಂತರೆ ಕೈಯಿಂದ ಅದುಮಬೇಡಿ. ತಿರುಗದಿರುವುದು ಸೊಂಟ, ಅದುಮಿದರೆ ಪೆಟ್ಟು ತಿನ್ನುವುದು ಮಂಡಿ. ಮಣೆಯ ಮೇಲೆ ಕೂರಿ; ಕುಂಡೆ ಎತ್ತರವಾದಷ್ಟೂ ಸೊಂಟಕ್ಕೆ ಸುಲಭ. ನಮ್ಮ ಹಿರಿಯರು ಊಟಕ್ಕೆ ಮಣೆ ಹಾಕಿದ್ದು ಮರ್ಯಾದೆಗೆ ಇದ್ದೀತು, ಕೀಲಿಗೂ ಅದು ಉಪಕಾರವೇ.

ಏಳುವುದು ಹೀಗೆ. ಚಕ್ಕಳಮಕ್ಕಳದಿಂದ ನೇರವಾಗಿ ಏಳಲು ಹೋಗಬೇಡಿ. ಎರಡೂ ಮಂಡಿಯನ್ನು ಒಂದೇ ಬದಿಗೆ ಹೊರಳಿಸಿ, ಆ ಬದಿಯ ನೆಲಕ್ಕೆ ಎರಡೂ ಕೈ ಊರಿ, ಅಂಬೆಗಾಲಿಗೆ ಬನ್ನಿ. ಅಲ್ಲಿಂದ ಮಂಡಿಯೂರಿ ನೆಟ್ಟಗಾಗಿ. ಬಲವಾದ ಕಾಲನ್ನು ಮುಂದಕ್ಕೆ ತಂದು ಪಾದ ಊರಿ. ಹಿಂದಿನ ಕಾಲಿನ ಬೆರಳುಗಳನ್ನು ಮಡಚಿ ನೆಲಕ್ಕೆ ಒತ್ತಿ. ಮೂಗು ಮುಂದಿನ ಪಾದದ ನೇರಕ್ಕೆ. ಎರಡೂ ಕೈ ಮುಂದಿನ ತೊಡೆಯ ಮೇಲೆ, ಒತ್ತಿ, ಏಳಿ. ತೊಡೆಯ ಮೇಲಿನ ಕೈ ಮಂಡಿಯನ್ನು ಹಿಂದಕ್ಕೆ ಒತ್ತಿ ನೆಟ್ಟಗೆ ಮಾಡುತ್ತದೆ, ಅಂದರೆ ತೊಡೆಯ ಸ್ನಾಯುವಿನ ಪಾಲಿನ ಒಂದಷ್ಟು ಕೆಲಸ ತೋಳಿನ ಸ್ನಾಯು ಮಾಡುತ್ತದೆ. ನೆಲಕ್ಕೆ ಇಳಿಯುವುದು ಇದೇ ದಾರಿಯಲ್ಲಿ ಹಿಂದುಮುಂದಾಗಿ, ಐದೈದು ಎಣಿಸುತ್ತಾ. ಮಂಡಿ ಊರುವ ಜಾಗಕ್ಕೆ ಮಡಚಿದ ಟವಲ್ ಹಾಸಿ.

ಬ್ರೆಜಿಲ್‌ನ ಕ್ಲಾಡಿಯೊ ಜಿಲ್ ಅರೌಜೊ ಎಂಬ ವೈದ್ಯರು ಇದನ್ನೇ ಪರೀಕ್ಷೆಯಾಗಿಸಿದ್ದಾರೆ. ಕೂರಲು 5 ಅಂಕ, ಏಳಲು 5. ನೆಲಕ್ಕೆ ಕೈ ಊರಿದರೆ, ಮಂಡಿ ಊರಿದರೆ ಒಂದೊಂದು ಅಂಕ ಹೋಯಿತು, ತೂಗಾಡಿದರೆ ಅರ್ಧ. 51ರಿಂದ 80 ವರ್ಷದ 2002 ಜನರನ್ನು ಹೀಗೆ ಪರೀಕ್ಷಿಸಿ ವರ್ಷಗಟ್ಟಲೆ ಗಮನಿಸಿದಾಗ, ಕಡಿಮೆ ಅಂಕದವರಲ್ಲಿ ಸಾವು ಹೆಚ್ಚಿತ್ತು ಎಂದು 2012ರಲ್ಲಿ ಪ್ರಕಟಿಸಿದರು. ಅಂಕ ಕಡಿಮೆ ಬಂತೆಂದು ಹೆದರಿ ಕೂರಬೇಡಿ. ಅಂಕ ಹೇಳುವುದು ಒಟ್ಟು ಮೈಯ ಬಲ, ಬಳುಕು, ತೂಕ, ಸಮತೋಲ ಹೇಗಿದೆ ಎಂದು, ಇವೆಲ್ಲ ಸುಧಾರಿಸುವಂಥವೇ. ನಾನು ಅಮ್ಮನಿಗೆ ಅಂಕ ಹಾಕಲೇ ಇಲ್ಲ.

ಯಾವಾಗ ನಿಲ್ಲಿಸಬೇಕು

ತೊಡೆಯ ಮಾಂಸ ಎರಡು ಮೂರು ದಿನ ನೋಯುವುದು ಸಹಜ. ಕೀಲಿನ ಒಳಗೆ ಚುಚ್ಚಿದ ಹಾಗೆ ನೋವು, ಮಂಡಿ ಊದಿ ಬಿಸಿಯಾಗುವುದು, ಮಡಚಿದ ಮಂಡಿ ಸಿಕ್ಕಿಕೊಂಡು ಬಿಡಿಸಲಾಗದಿರುವುದು, ಕಾಲು ಇದ್ದಕ್ಕಿದ್ದಂತೆ ಕೈಕೊಡುವುದು, ರಾತ್ರಿ ಮಲಗಿದಾಗಲೂ ಬಿಡದ ನೋವು, ಇವು ಸಹಜವಲ್ಲ, ವೈದ್ಯರಿಗೆ ತೋರಿಸಿ. ಮೀನಖಂಡ ಒಂದೇ ಕಾಲಿನಲ್ಲಿ ಊದಿ ನೋಯುತ್ತಿದ್ದರೆ ಅವತ್ತೇ ತೋರಿಸಿ, ತಿಕ್ಕಬೇಡಿ.

ಮಕ್ಕಳಿರುವ ಮನೆಯವರಿಗೂ ಒಂದು ಮಾತು. ಮೂರು, ನಾಲ್ಕು, ಐದು ವರ್ಷದ ಹುಡುಗ ನೆಲದಿಂದ ಏಳುವಾಗ ತನ್ನ ಕಾಲನ್ನೇ ಏಣಿ ಮಾಡಿಕೊಂಡು, ಮಂಡಿ, ತೊಡೆ ಎಂದು ಕೈಯಿಂದ ಹತ್ತಿಕೊಂಡು ಏಳುತ್ತಿದ್ದರೆ ಅದನ್ನು ಸೋಮಾರಿತನ ಎನ್ನಬೇಡಿ. ಸೊಂಟ, ತೊಡೆಗಳ ಸ್ನಾಯುಗಳು ದುರ್ಬಲವಾಗುತ್ತಿರುವ ಲಕ್ಷಣ ಅದಾಗಿರಬಹುದು. ಲಂಡನ್ನಿನ ವೈದ್ಯ ವಿಲಿಯಂ ಗೋವರ್ಸ್ 19ನೇ ಶತಮಾನದಲ್ಲೇ ಇದನ್ನು ವಿವರಿಸಿದ್ದಾರೆ. ಮಕ್ಕಳ ವೈದ್ಯರಿಗೆ ಬೇಗ ತೋರಿಸಿದಷ್ಟೂ ಒಳ್ಳೆಯದು.

ಅಮ್ಮ ಸಂಕ್ರಾಂತಿಯ ಹೊತ್ತಿಗೆ ಮಣೆಗೆ ಬಂದಳು. ಯುಗಾದಿಯ ದಿನ ಎಲ್ಲರ ಜೊತೆ ನೆಲದ ಮೇಲೆ ಎಲೆ ಹಾಕಿಸಿಕೊಂಡಳು. ಒಬ್ಬಟ್ಟು ತಿಂದು, ಪಕ್ಕಕ್ಕೆ ಹೊರಳಿ, ಮಂಡಿಯೂರಿ, ಬಲಗಾಲು ಮುಂದಿಟ್ಟು ಎದ್ದಳು. ಒಂದು ಕೈ ತೊಡೆಯ ಮೇಲಿತ್ತು, ಇನ್ನೊಂದರಲ್ಲಿ ನೀರಿನ ಲೋಟ. ಈಗ ವಾರಕ್ಕೆ ಮೂರು ದಿನ, ಸೋಮವಾರ, ಬುಧವಾರ, ಶುಕ್ರವಾರ, ಸಂಜೆ ದೀಪ ಹಚ್ಚುವ ಮೊದಲು ಹತ್ತು ಸಲ ಕೂತು ಏಳುತ್ತಾಳೆ. ಎಣಿಕೆ ಅಡುಗೆಮನೆಯಲ್ಲಿರುವ ನನಗೂ ಕೇಳುತ್ತದೆ. ಹೂ ಕಟ್ಟುವುದು ಮತ್ತೆ ನೆಲದ ಮೇಲೆಯೇ.